ಮನೆಮಂದಿಗಲ್ಲ, ಗಿಟಾರಿಗೆ

ಕಳೆದ ಶನಿವಾರ ತಿಪಟೂರಿನ ಅಂಗಡಿಯೊಂದರಲ್ಲಿ ನಮ್ಮ ಚಿಕ್ಕಪ್ಪ ಹೊಸ ಟ್ಯಾಬ್ ಒಂದನ್ನು ಕಿವಿಯ ಹತ್ತಿರ ಹಿಡಿದು ಗಡಗಡ ಅಲ್ಲಾಡಿಸಿದರು.

"ಯಜಮಾನ್ರೇ, ಯಜಮಾನ್ರೇ!" ಅಂಗಡಿಯವನು ಕೌಂಟರ್ ಹಾರುವುದೊಂದು ಬಾಕಿ.

"ಒಳಗೆ ಏನೂ ಸದ್ದೇ ಇಲ್ವಲ್ಲಪ್ಪ."

ನಮ್ಮ ಕಡೆ ಇದು ವಿಚಿತ್ರವಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ಒಡೆಯದೆ ಪರೀಕ್ಷಿಸುವುದು ಹೀಗೆಯೇ. ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಅಂದರೆ ಆಯಿತು. ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ಜೀವಮಾನವೆಲ್ಲ ಅಲ್ಲಾಡಿಸಿಯೇ ಆರಿಸಿದ ಕೈ, ಟ್ಯಾಬ್ ಸಿಕ್ಕರೆ ಸುಮ್ಮನಿರುತ್ತದೆಯೇ?

ಆಮೇಲೆ ಪಕ್ಕದ ಲ್ಯಾಪ್‌ಟಾಪ್ ಎತ್ತಿ ನೋಡಿದರು. "ಇದು ಕಣವ್ವಾ. ಕೈಗೆ ತೂಕ ಸಿಗ್ತದೆ. ಅದು ಬರೀ ಜೊಳ್ಳು."

ನಾನು ಬಂದಿದ್ದು ತೂಕಕ್ಕಲ್ಲ, ಗಿಟಾರಿಗೆ. ತುರುವೇಕೆರೆಯ ಕಾಲೇಜಿನಲ್ಲಿ ಪಾಠ ಮಾಡಿ ಮನೆಗೆ ಬಂದವಳು ಸಂಜೆ ಬಾಗಿಲು ಹಾಕಿಕೊಂಡು ಫೋನಿನ ವಿಡಿಯೊ ಕಾಲಿನಲ್ಲಿ ಗಿಟಾರ್ ಕಲಿಯುತ್ತೇನೆ. ಕಲಿಸುವ ಮೇಡಂ ಮೈಸೂರಿನವರು. "ತಂತಿ ಮೀಟಿ ತಕ್ಷಣ ಯಾಕೆ ಒತ್ತಿ ಹಿಡೀತೀರಾ? ಸ್ವರ ಸಾಯ್ತಿದೆ" ಎಂದು ಅವರ ದೂರು. ನಾನು ಒತ್ತುತ್ತಿರಲಿಲ್ಲ. ಕೊಲ್ಲುತ್ತಿದ್ದುದು ಫೋನು. ಅದರ ಪಾಲಿಗೆ ಮನುಷ್ಯರ ಮಾತು ಮಾತ್ರ ಶಬ್ದ, ಉಳಿದದ್ದೆಲ್ಲ ಗಲಾಟೆ. ಮಿಕ್ಸಿ, ಫ್ಯಾನು, ನನ್ನ ಗಿಟಾರ್ ಎಲ್ಲವನ್ನೂ ಒಂದೇ ನಿಷ್ಠೆಯಿಂದ ಅಳಿಸುತ್ತಿತ್ತು. ಹೀಗೇ ಹೋದರೆ ಸರಿ ಯಾವುದು, ತಪ್ಪು ಯಾವುದು ಎಂದು ನನಗೇ ತಿಳಿಯದಂತಾಗಿ ಕಲಿಕೆ ನಿಂತೇ ಹೋಗುತ್ತಿತ್ತು.

"ಎಲ್ಲಾ ಒಂದೇ ಮೇಡಂ, ಮೈಕ್ ಇದ್ದೇ ಇರುತ್ತೆ" ಎಂದ ಅಂಗಡಿಯವನು. ಈ ಉತ್ತರ ಬರುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೇ ಗಿಟಾರನ್ನು ಬಸ್ಸಿನಲ್ಲಿ ಹೊತ್ತು ತಂದಿದ್ದೆ. (ಕಂಡಕ್ಟರ್ ಅದಕ್ಕೆ ಸೀಟು ಕೊಡಿಸಿದ, ನನಗೆ ಕೊಡಿಸಲಿಲ್ಲ.)

ನನ್ನ ಫೋನನ್ನು ಚಿಕ್ಕಪ್ಪನ ಕೈಗೆ ಕೊಟ್ಟು ರಸ್ತೆಯಾಚೆ ನಿಲ್ಲಿಸಿದೆ. ಮೊದಲು ಲ್ಯಾಪ್‌ಟಾಪಿನಿಂದ ಆ ಫೋನಿಗೆ ವಿಡಿಯೊ ಕಾಲ್. ಕೌಂಟರ್ ಮುಂದೆ ಕೂತು ತಂತಿ ಮೀಟಿದೆ. ಬಾಗಿಲು ಹಾಕದೆ ನಾನು ನುಡಿಸಿದ್ದು ಅದೇ ಮೊದಲು. ಚಾರ್ಜರ್ ಕೊಳ್ಳಲು ಬಂದವರು ಚಾರ್ಜರ್ ಮರೆತು ನಿಂತರು. ಕಿವಿ ಬಿಸಿಯಾಯಿತು. ಬೆರಳು ನಿಲ್ಲಿಸಲಿಲ್ಲ.

"ಏನೂ ಮಾತೇ ಆಡ್ತಿಲ್ವಲ್ಲೇ ನೀನು!" ರಸ್ತೆಯಾಚೆಯಿಂದ ಚಿಕ್ಕಪ್ಪನ ಕೂಗು. ಅದಕ್ಕೆ ಫೋನ್ ಬೇಕಿರಲಿಲ್ಲ.

ಆಮೇಲೆ ಟ್ಯಾಬ್. ಅದರಲ್ಲಿ ಗಲಾಟೆ ಅಳಿಸುವ ಸೆಟ್ಟಿಂಗ್ ಆಫ್ ಮಾಡಲು ಸಿಕ್ಕಿತು. ಆ ಲ್ಯಾಪ್‌ಟಾಪಿನಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ. ಮತ್ತೆ ನುಡಿಸಿದೆ.

ಚಿಕ್ಕಪ್ಪ ವಾಪಸ್ ಬಂದು ವರದಿ ಒಪ್ಪಿಸಿದರು. "ಮೊದಲ್ನೇದು ತುಂಡ್‌ತುಂಡು. ಎರಡ್ನೇದು ಉದ್ದಕ್ಕೆ ಬಂತು." ಫೋನನ್ನು ನನ್ನ ಕೈಗೆ ಕೊಡುತ್ತಾ, "ಆದ್ರೂ ಲ್ಯಾಪ್‌ಟಾಪೇ ತಗೋ ಕಣವ್ವಾ. ಜಮೀನಿನ ಪಾಣಿ ತೆಗೀಬೋದು, ಮದ್ವೆ ವಿಡಿಯೊ ಹಾಕ್ಬೋದು. ಮನೇಲಿ ನಾಕು ಜನಕ್ಕೆ ಆಯ್ತದೆ. ಗಿಟಾರು ಇವತ್ತು ಇರ್ತದೆ, ನಾಳೆ ಬುಟ್ಟುಬುಡ್ತೀಯ."

ಅಂಗಡಿಯವನೂ ತಲೆಯಾಡಿಸಿದ. "ದಿನಬಳಕೆಗೆ ಅದೇ ಬೆಸ್ಟ್ ಮೇಡಂ."

ಇಲ್ಲಿಯೇ ನೋಡಿ ವಿಷಯ ಇರುವುದು. ನಮ್ಮ ಮನೆಗಳಲ್ಲಿ ಹೆಣ್ಣುಮಗಳು ಏನು ಕೊಂಡರೂ ಅದು ನಾಲ್ಕು ಜನಕ್ಕೆ ಆಗಬೇಕು. ನಾಲ್ವರಿಗಾದರೆ ಅಗತ್ಯ, ಅವಳೊಬ್ಬಳಿಗೇ ಆದರೆ ಹುಚ್ಚು. ಚಿಕ್ಕಪ್ಪನ ಬೈಕಿನ ಬಗ್ಗೆ ಹೀಗೆ ಯಾರಾದರೂ ಕೇಳಿದ್ದುಂಟೇ? ನಾಲ್ಕು ಜನದ ಲ್ಯಾಪ್‌ಟಾಪ್ ನಡುಮನೆಯಲ್ಲಿ ಕೂರುತ್ತದೆ. ನನ್ನ ಕ್ಲಾಸಿನ ಹೊತ್ತಿಗೆ ಅದರಲ್ಲಿ ಯಾರದೋ ಮದುವೆ ಓಡುತ್ತಿರುತ್ತದೆ.

ಅದೂ ಅಲ್ಲದೆ, ತೊಡೆಯ ಮೇಲೆ ಗಿಟಾರ್ ಇದ್ದಾಗ ಲ್ಯಾಪ್‌ಟಾಪಿನ ಹತ್ತಿರಕ್ಕೆ ಸರಿಯಲಾಗುವುದಿಲ್ಲ. ಟ್ಯಾಬನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕಣ್ಣಿನ ಎತ್ತರಕ್ಕೆ ತರಬಹುದು. ಟೈಪಿಂಗ್‌ಗೆ ಒಂದು ಪುಟ್ಟ ಕೀಬೋರ್ಡ್ ಸಾಕು. (ಈ ಅಂಕಣ ಅದರಲ್ಲೇ ಟೈಪ್ ಮಾಡಿದ್ದು.)

ಇಷ್ಟೆಲ್ಲ ಅಲ್ಲಿ ಹೇಳಲಿಲ್ಲ. "ಚಿಕ್ಕಪ್ಪ, ನಾಲ್ಕು ಜನಕ್ಕೆ ಬೇಡ. ನನಗೆ ಬೇಕು" ಎಂದೆ.

ಚಿಕ್ಕಪ್ಪ ನನ್ನನ್ನೇ ನೋಡಿದರು. ಅಂಗಡಿಯವನು ನೆಲ ನೋಡಿದ. ನಾನು ಟ್ಯಾಬ್ ಕಡೆ ಕೈ ತೋರಿಸಿ, "ಇದನ್ನು ಪ್ಯಾಕ್ ಮಾಡಿ" ಎಂದೆ.

ಬಸ್ಸಿನಲ್ಲಿ ಚಿಕ್ಕಪ್ಪ ಟ್ಯಾಬಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡರು. ಇಳಿಯುವ ಹೊತ್ತಿಗೆ, "ನಿಮ್ಮವ್ವ ಕೇಳಿದ್ರೆ ಕಾಲೇಜ್ ಕೆಲ್ಸಕ್ಕೆ ಅಂತ ಹೇಳ್ಲಾ?" ಎಂದರು.

"ಬೇಡ ಚಿಕ್ಕಪ್ಪ. ಗಿಟಾರಿಗೆ ಅಂತಲೇ ಹೇಳಿ."

"ನಾನಾ? ನೀನೇ ಹೇಳ್ಕೋ ಹೋಗು!"

ಹೇಳಿಕೊಂಡೆ. ಅಮ್ಮ ಒಂದು ದಿನ ಮುಖ ಊದಿಸಿಕೊಂಡಿದ್ದರು. ಮರುದಿನ ಕರೆಂಟ್ ಬಿಲ್ ಕಟ್ಟಿಕೊಡು ಎಂದರು, ಟ್ಯಾಬಿನಲ್ಲೇ ಕಟ್ಟಿದೆ. ಕ್ಲಾಸಿನ ಹೊತ್ತಾಯಿತು, ಬಾಗಿಲು ಹಾಕಿಕೊಂಡೆ.

ಮೇಡಂ ಕಣ್ಣು ಮುಚ್ಚಿ ಕೇಳಿದರು. ಅಂಗಳದಲ್ಲಿ ಕಾಯಿ ಬಿದ್ದದ್ದೂ ಅವರಿಗೆ ಕೇಳಿಸಿತು. "ಈಗ ಎಲ್ಲಾ ಸ್ಪಷ್ಟ. ನಿಮ್ಮ ಕಿರುಬೆರಳು ಪ್ರತಿ ಸಲ ತಡವಾಗಿ ಬರ್ತಿದೆ" ಎಂದರು.

ಈ ಸಲದ ತಪ್ಪು ಪೂರ್ತಿ ನನ್ನದೇ. ಇದಕ್ಕಿಂತ ನೆಮ್ಮದಿಯ ಬೈಗುಳ ಇನ್ನೊಂದಿದೆಯೇ?