ಕಿಟಕಿಯ ಹೊರಗಿನ ರೋಗಿ

ಯಶವಂತಪುರದಲ್ಲಿ ಇಂಜಿನ್ನು ನೀರು ಕುಡಿಯುತ್ತಿತ್ತು. ನನ್ನೆದುರು ಕಿಟಕಿಯ ಬಳಿ ಬಂದು ಕುಳಿತ ಕ್ರೈಸ್ತ ಸಿಸ್ಟರ್ ಒಬ್ಬರು ನರ್ಸ್ ಅಂತೆ, ಬೊಂಬಾಯಿಯಲ್ಲಿ ಹಡಗು ಹತ್ತಿ ನ್ಯೂಗಿನಿ ದ್ವೀಪದ ಆಸ್ಪತ್ರೆಗೆ ಹೊರಟವರು. ಅಲ್ಲಿ ಊರಿಗೊಂದು ಭಾಷೆ. ಎಲ್ಲರಿಗೂ ತಿಳಿಯುವುದು ಪಿಜಿನ್ ಎಂಬ ಬೆರಕೆ ನುಡಿಯೊಂದೇ. ಅದನ್ನವರು ಕಲಿತದ್ದು ಒಂದು ನೋಟ್‌ಬುಕ್ಕಿನಿಂದ, ಮತ್ತೆ ಈಗ ಕಿಟಕಿಯ ಹೊರಗೆ ಬೀಳ್ಕೊಡಲು ನಿಂತಿದ್ದ ತಮ್ಮ ತಾಯಿಯ ಜೊತೆ ಆಡಿ ಆಡಿ. ತಾಯಿ ಹೆಬ್ಬಾಳದಲ್ಲಿ ಸೊಪ್ಪು ಬೆಳೆಯುವವರು, ಅಕ್ಷರ ಬಾರದು. ಆರು ತಿಂಗಳು ಮಗಳ ಅಭ್ಯಾಸಕ್ಕೆಂದು ಅವಳ ಮುಂದೆ ರೋಗಿಯಂತೆ ನಟಿಸುತ್ತಾ ಕುಳಿತು, ಕೇಳಿ ಕೇಳಿಯೇ ಅವರಿಗೂ ಎಲ್ಲ ಬಾಯಿಪಾಠವಾಗಿದೆ.

“ವನೆಮ್ ಹಾಪ್ ಇ ಪೆನ್?” ಎಲ್ಲಿ ನೋವು ಎಂದು ಮಗಳು ಕೇಳಿದರು.

ತಾಯಿ ಮಂಡಿ ಹಿಡಿದು ಚೆನ್ನಾಗಿಯೇ ನರಳಿದರು. “ಲೆಕ್ ಬಿಲೋಂಗ್ ಮಿ ಇ ಪೆನ್.” ಕಾಲು ನೋವಂತೆ. ಮರುಗಳಿಗೆ ನೆಟ್ಟಗೆ ನಿಂತು, “ಅಂಗೆ ಬಿರ್ರನೆ ಕೇಳಬ್ಯಾಡ ಮಗಾ. ನೋವಿರೋಳು ಎದ್ರುಕೊಂತಾಳೆ. ಮೆಲ್ಲಗೆ ಕೇಳು,” ಎಂದರು.

ನಾನು ಓದಿದ ಕಾನ್ವೆಂಟ್ ಶಾಲೆಯಲ್ಲಿ ಇಂಗ್ಲಿಷಿನ ಉಚ್ಚಾರ ತಿದ್ದುತ್ತಿದ್ದರು. ಕೇಳುವ ದನಿಯನ್ನು ಯಾರೂ ತಿದ್ದಿರಲಿಲ್ಲ.

ಸೀಟಿ ಕೂಗಿತು. ಸಿಸ್ಟರ್ ಕಿಟಕಿಯ ಸರಳಿನ ಮೇಲಿದ್ದ ತಾಯಿಯ ಕೈ ಹಿಡಿದು ಮತ್ತೆ ಕೇಳಿದರು, ಈ ಸಲ ಮೆಲ್ಲಗೆ. “ವನೆಮ್ ಹಾಪ್ ಇ ಪೆನ್?”

ತಾಯಿ ಮಂಡಿ ಮುಟ್ಟಲಿಲ್ಲ. “ನೋ ಗಟ್,” ಎಂದರು. ಎಲ್ಲೂ ಇಲ್ಲ.

ಗಾಡಿ ಹೊರಟಿತು. ಸರಳು ಬಿಡದೆ, ಪ್ಲಾಟ್‌ಫಾರಂ ಮುಗಿಯುವವರೆಗೂ ಅವರು ನಮ್ಮ ಜೊತೆಗೇ ನಡೆದುಬಂದರು.