ಸೀತಮ್ಮನವರು ತೀರ್ಪು ಕೊಟ್ಟದ್ದು

ಜೀವನ್ ಬಿಮಾ ನಗರದ ಕ್ವಾರ್ಟರ್ಸಿನಲ್ಲಿ ಸೀತಮ್ಮನವರ ಮನೆಯ ಕಸದ ಬುಟ್ಟಿಯಷ್ಟು ಚೆಂದದ ಬುಟ್ಟಿ ಇನ್ನೊಂದಿರಲಿಲ್ಲ. ಹಳೆಯ ಡಾಲ್ಡಾ ಡಬ್ಬದ ಸುತ್ತ ಲಗ್ನಪತ್ರಿಕೆಗಳಿಂದ ಕತ್ತರಿಸಿದ ಗಣಪತಿಗಳನ್ನು ಒತ್ತೊತ್ತಾಗಿ ಅಂಟಿಸಿ, ಮೇಲೆ ಎರಡು ಸಲ ವಾರ್ನಿಷ್ ಹೊಡೆದು ಮಾಡಿದ ಬುಟ್ಟಿ ಅದು. ಅಷ್ಟು ಗಣಪತಿಗಳ ಎದುರು ಕಸ ಹಾಕಲು ಯಾರಿಗೂ ಕೈ ಬರುತ್ತಿರಲಿಲ್ಲವಾದ್ದರಿಂದ ಬುಟ್ಟಿ ಸದಾ ಖಾಲಿ. ಅಲ್ಲದೆ ಆ ಮನೆಯಲ್ಲಿ ಕಸ ಹುಟ್ಟುವುದೇ ಅಪರೂಪವಾಗಿತ್ತು. ಸುಟ್ಟ ಬಲ್ಬು ಗಿಳಿಯಾಗುತ್ತಿತ್ತು, ಹರಿದ ಸೀರೆ ಕಾಲೊರಸಾಗುತ್ತಿತ್ತು, ಟೂತ್‌ಪೇಸ್ಟಿನ ಮುಚ್ಚಳಗಳೆಲ್ಲ ಸೇರಿ ಬಾಗಿಲ ತೋರಣವಾಗುತ್ತಿದ್ದವು. ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಗಂಡ ನಾಣಿ, ಹೆಂಡತಿ ತಮ್ಮ ಶರ್ಟಿನ ಕಡೆ ಎರಡು ನಿಮಿಷಕ್ಕಿಂತ ಹೆಚ್ಚು ನೋಡಿದರೆ ಹೆದರುತ್ತಿದ್ದರು.

"ಇದನ್ನ ನಾನಿನ್ನೂ ಹಾಕ್ಕೋತಿದೀನಿ ಕಣೇ" ಎನ್ನುತ್ತಿದ್ದರು.

"ಯಾರು ಬೇಡ ಅಂದ್ರು? ಕಾಲರ್ ಸವೆದಿದೆಯಲ್ಲಾ ಅಂತ ನೋಡಿದೆ ಅಷ್ಟೇ."

ಮುಂದಿನ ವಾರ ಆ ಶರ್ಟು ಟೀವಿಯ ಮೇಲೆ ಹೊದಿಕೆಯಾಗಿ, ಅಂಚಿಗೆ ಜರಿ ಹಚ್ಚಿಕೊಂಡು, ಅವರನ್ನೇ ನೋಡುತ್ತಿತ್ತು.

ಸೀತಮ್ಮನವರಿಗೆ ಇದನ್ನು ಯಾರೂ ಕಲಿಸಿದ್ದಲ್ಲ. ವಾರಪತ್ರಿಕೆಯೊಂದರ ಮಹಿಳೆಯರ ಪುಟ ನೋಡಿ ಶುರು ಮಾಡಿದ ಕೆಲಸ, ಹತ್ತು ವರ್ಷದಲ್ಲಿ ಪುಟವನ್ನು ಮೀರಿ ಬೆಳೆದಿತ್ತು. ಕೈ ಅಷ್ಟು ಚೊಕ್ಕ. ಅವರು ಅಂಟಿಸಿದ್ದು ಬಿಟ್ಟುಕೊಳ್ಳುತ್ತಿರಲಿಲ್ಲ, ಹೊಲಿದದ್ದು ವಕ್ರವಾಗುತ್ತಿರಲಿಲ್ಲ. ಆದರೆ ಮಾಡಿದ ವಸ್ತು ಯಾವ ಉಪಯೋಗಕ್ಕೆ ಎಂದು ಮಾತ್ರ ಕೇಳಬಾರದು. ಗಿಳಿ, ನವಿಲು, ಕೊಡ ಹೊತ್ತ ಹೆಂಗಸು, ಎಲ್ಲವೂ ಶೋಕೇಸಿನಲ್ಲಿ ಸಾಲಾಗಿ ನಿಂತು ಧೂಳು ಕುಡಿಯುತ್ತಿದ್ದವು.

ಹೀಗಿರುವಾಗ ತೊಂಬತ್ತೈದನೇ ಇಸವಿಯಲ್ಲಿ ಒಂದು ಸಂಜೆ ಪಕ್ಕದ ಮನೆಯ ಶ್ರೀವಿದ್ಯಾ ಓಡಿಬಂದಳು. ಮಗ ಅಭಿನವ್‌ನ ಶಾಲೆಯಲ್ಲಿ 'ಕಸದಿಂದ ರಸ' ಸ್ಪರ್ಧೆ. ಮಕ್ಕಳು ಮನೆಯ ಬಿಸಾಡುವ ಸಾಮಾನಿನಿಂದ ತಾವೇ ಏನಾದರೂ ಮಾಡಿಕೊಂಡು ಹೋಗಬೇಕು.

"ನಾಳೆ ಬೆಳಿಗ್ಗೆ ಕೊಡ್ಬೇಕಂತೆ ಆಂಟಿ. ಈಗ ಹೇಳ್ತಿದಾನೆ, ಮುಂಡೇದು. ಏನಾದ್ರೂ ಮಾಡ್ಕೊಟ್ಬಿಡಿ, ಪ್ಲೀಸ್."

ಸೀತಮ್ಮನವರು ಮಾಡಿಕೊಟ್ಟರು. ಬಲ್ಬಿನ ನವಿಲು; ಗರಿಗೆ ಹಳೆಯ ಕ್ಯಾಸೆಟ್ಟಿನ ಟೇಪು, ಕಣ್ಣಿಗೆ ಸಾಸಿವೆ ಕಾಳು. ಅಭಿನವ್‌ಗೆ ಮೊದಲ ಬಹುಮಾನ ಬಂತು. ಸುದ್ದಿ ಕ್ವಾರ್ಟರ್ಸಿನ ಮೆಟ್ಟಿಲು ಹತ್ತಿ ಇಳಿಯಿತು. ಮರುವರ್ಷ ನಾಲ್ಕು ಮಕ್ಕಳ ತಾಯಂದಿರು ಬಂದರು, ಅದರ ಮರುವರ್ಷ ಏಳು. ದುಡ್ಡಿನ ಮಾತು ಯಾರೂ ಎತ್ತಲಿಲ್ಲ, ಸೀತಮ್ಮನವರೂ ಎತ್ತಗೊಡುತ್ತಿರಲಿಲ್ಲ. ರವೆ ಉಂಡೆ ಬಂತು, ಕುಂಕುಮದ ಜೊತೆ ಬ್ಲೌಸ್ ಪೀಸ್ ಬಂತು. "ನಿಮ್ಮ ಕೈಯಲ್ಲಿ ಅದೇನಿದೆಯೋ ಆಂಟಿ!" ಎಂಬ ಮಾತು ಬಂತು. ಅವರಿಗೆ ಬೇಕಾಗಿದ್ದದ್ದು ಆ ಮಾತು.

ತೊಂದರೆ ಬಂದದ್ದು ಕಸದ್ದು. ಏಳು ಮನೆಗೆ ಸಾಲುವಷ್ಟು ಕಸ ಒಂದು ಮನೆಯಲ್ಲಿ ಎಲ್ಲಿಂದ ಬರಬೇಕು? ಐಸ್ ಕ್ಯಾಂಡಿ ಕಡ್ಡಿ ಬೇಕೆಂದು ನಾಣಿಯವರು ನೆಗಡಿಯಲ್ಲೇ ಕ್ಯಾಂಡಿ ಚೀಪಿದರು. ಅಗಲ ಬಾಯಿಯ ಬಾಟಲಿ ಬೇಕೆಂದು, ಇಷ್ಟವಿಲ್ಲದ ಉಪ್ಪಿನಕಾಯಿಯನ್ನು ಮೂರು ಹೊತ್ತೂ ತಿಂದು ಖಾಲಿ ಮಾಡಿದರು. ಕೊನೆಗೆ ಸುಟ್ಟ ಬಲ್ಬುಗಳಿಗಾಗಿ ಶಿವಾಜಿನಗರದಲ್ಲಿ ಜಿಯಾವುಲ್ಲಾನ ಗುಜರಿ ಅಂಗಡಿಗೆ ಹೋದರು.

"ಎಲ್ಲಾರೂ ಹಳೇದು ಮಾರಕ್ಕೆ ಬರ್ತಾರೆ ಸಾಬ್" ಎಂದ ಜಿಯಾವುಲ್ಲಾ, ಬಲ್ಬುಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತುತ್ತಾ. "ಹೋಗಿರೋ ಬಲ್ಬೇ ಬೇಕು ಅಂತ ಬಂದೋರು ನೀವೊಬ್ರೇ. ನಿಮ್ಮನೇಲಿ ಕತ್ಲೆ ಇಷ್ಟಾನಾ?"

ತೊಂಬತ್ತೆಂಟನೇ ಇಸವಿಯ ಹೊತ್ತಿಗೆ ಲೆಕ್ಕ ಹನ್ನೊಂದಕ್ಕೆ ಮುಟ್ಟಿತು. ಆ ವರ್ಷ ಆಗಸ್ಟಿನಲ್ಲಿ, ಹನ್ನೊಂದೂ ವಸ್ತುಗಳು ಒಳಕೋಣೆಯ ಮಂಚದ ಮೇಲೆ ಒಣಗುತ್ತಿದ್ದ ಒಂದು ಮಧ್ಯಾಹ್ನ, ಶಾಲೆಯ ಹೆಡ್‌ಮಿಸ್ಟ್ರೆಸ್ ಜಹನಾರಾ ಮೇಡಂ ಮನೆಗೇ ಬಂದರು. ಸೀತಮ್ಮನವರು ಮೊದಲು ಒಳಕೋಣೆಯ ಬಾಗಿಲು ಹಾಕಿದರು, ಆಮೇಲೆ ಕಾಫಿಗಿಟ್ಟರು.

"ವಾರಪತ್ರಿಕೆ ಮಹಿಳೆಯರ ಪುಟದಲ್ಲಿ ನೀವು ನವಿಲು ಹಿಡ್ಕೊಂಡಿರೋ ಫೋಟೋ ನೋಡ್ದೆ ಸೀತಮ್ಮನವರೇ" ಎಂದರು ಜಹನಾರಾ ಮೇಡಂ. "ನಮ್ಮ ಏರಿಯಾದಲ್ಲೇ ಇಂಥ ಕಲಾವಿದೆ ಇಟ್ಕೊಂಡು ನಾವು ಹೊರಗಿಂದ ಜಡ್ಜ್‌ನ ಕರೀತಿದ್ವಲ್ಲಾ. ಈ ಸಲ ನೀವೇ ಬರ್ಬೇಕು. ಇಲ್ಲ ಅನ್ನೋ ಹಾಗಿಲ್ಲ."

ಇಲ್ಲ ಅನ್ನಬೇಕೆಂದು ಸೀತಮ್ಮನವರಿಗೆ ಗೊತ್ತಿತ್ತು. ಆದರೆ 'ಕಲಾವಿದೆ' ಎಂಬ ಮಾತು ಆಗಲೇ ಕಿವಿಗೆ ಬಿದ್ದು ಎದೆಯವರೆಗೆ ಇಳಿದಿತ್ತು. ವೇದಿಕೆ, ಮೈಕು, ಹೆಗಲಿಗೊಂದು ಶಾಲು. ಐವತ್ತೆರಡು ವರ್ಷದಲ್ಲಿ ಅವರ ಮದುವೆಯ ದಿನ ಬಿಟ್ಟರೆ ಯಾರೂ ಅವರನ್ನು ಎತ್ತರದ ಜಾಗದಲ್ಲಿ ಕೂರಿಸಿರಲಿಲ್ಲ. "ನೀವು ಇಷ್ಟು ಹೇಳೋವಾಗ..." ಎಂದುಬಿಟ್ಟರು.

ಸಂಜೆ ವಿಷಯ ಕೇಳಿ ನಾಣಿಯವರು ಒಳಕೋಣೆಗೆ ಹೋಗಿ ಮಂಚವನ್ನೊಮ್ಮೆ ನೋಡಿ ಬಂದರು. ಆಮೇಲೆ ಕೇಳಿದರು: "ಪರೀಕ್ಷೆ ಬರೆದೋಳೂ ನೀನೇ, ಈಗ ಮಾರ್ಕ್ಸ್ ಕೊಡೋಳೂ ನೀನೇನಾ?"

"ನನ್ನ ಮನಸ್ಸಾಕ್ಷಿ ನಂಗಿದೆ ರೀ."

"ಅದೂ ಒಳಗೆ ಮಂಚದ ಮೇಲೆ ಒಣಗ್ತಿದೆಯೇನೋ ನೋಡು."

ಮರುದಿನದಿಂದ ತಾಯಂದಿರು ಒಬ್ಬೊಬ್ಬರಾಗಿ ಬಂದರು. ಒಬ್ಬರು ಬಂದದ್ದು ಇನ್ನೊಬ್ಬರಿಗೆ ತಿಳಿಯಬಾರದೆಂದು ಎಲ್ಲರೂ ಚಪ್ಪಲಿ ಒಳಗೇ ಬಿಟ್ಟರು. ಶ್ರೀವಿದ್ಯಾ ನೇರವಾಗಿಯೇ ಕೇಳಿದಳು: "ನಮ್ಮ ಅಭಿನವ್‌ದು ನೋಡಿದ ತಕ್ಷಣ ನಿಮಗೆ ಗುರ್ತು ಸಿಗುತ್ತಲ್ವಾ ಆಂಟಿ?"

"ಸಿಗದೆ ಏನಮ್ಮಾ. ನಾನೇ ಮಾಡಿದ್ದಲ್ವಾ" ಎಂದರು ಸೀತಮ್ಮನವರು.

ಸ್ಪರ್ಧೆಯ ದಿನ ರೇಷ್ಮೆ ಸೀರೆಯುಟ್ಟು ಹೋದರು. ಶಾಲೆಯ ಹಾಲಿನಲ್ಲಿ ಉದ್ದಕ್ಕೆ ಬೆಂಚು ಜೋಡಿಸಿ ಬಿಳಿ ಬಟ್ಟೆ ಹಾಸಿದ್ದರು. ಮೂವತ್ತು ಚಿಲ್ಲರೆ ವಸ್ತುಗಳು, ಒಂದೊಂದರ ಹಿಂದೆ ಒಂದೊಂದು ಮಗು. ತಮ್ಮ ಹನ್ನೊಂದನ್ನು ಸೀತಮ್ಮನವರು ಮನೆಯಲ್ಲಿ ಒಂದೊಂದಾಗಿ ಮಾಡಿದ್ದರೇ ಹೊರತು, ಹೀಗೆ ದೂರ ನಿಂತು ಒಟ್ಟಿಗೆ ನೋಡಿರಲಿಲ್ಲ. ಈಗ ನೋಡಿದರು. ಗಿಳಿಗೂ ಸಾಸಿವೆ ಕಣ್ಣು, ಮೀನಿಗೂ ಸಾಸಿವೆ ಕಣ್ಣು, ಕೊಡ ಹೊತ್ತ ಹೆಂಗಸಿಗೂ ಅದೇ. ಹನ್ನೊಂದೂ ಅವರನ್ನೇ ಗುರುತಿನವರ ಹಾಗೆ ನೋಡುತ್ತಿದ್ದವು.

ಜಡ್ಜ್ ಆದ ಮೇಲೆ ಏನಾದರೂ ಕೇಳಬೇಕಲ್ಲ ಎಂದು, ಗಿಳಿಯ ಹಿಂದೆ ನಿಂತಿದ್ದ ಅಭಿನವ್‌ನನ್ನು ಕೇಳಿದರು: "ಈ ಕೊಕ್ಕನ್ನ ಹೇಗೆ ಕೂರಿಸ್ದೆ ಪುಟ್ಟಾ?"

ಹುಡುಗ ಅಕ್ಕಪಕ್ಕ ನೋಡಿ, ಅವರ ಕಡೆ ಬಗ್ಗಿ ಪಿಸುಗುಟ್ಟಿದ: "ಆಂಟಿ, ನಂಗ್ಯಾಕೆ ಕೇಳ್ತೀರಾ? ನಿಮಗೇ ಗೊತ್ತಲ್ಲ."

ಸೀತಮ್ಮನವರು ಬೇಗ ಮುಂದೆ ಹೋದರು. ಬೆಂಚಿನ ತುದಿಯಲ್ಲಿ, ಬಿಳಿ ಬಟ್ಟೆ ಸಾಲದೆ ಬರಿ ಮರ ಕಾಣುತ್ತಿದ್ದ ಕಡೆ, ಒಬ್ಬ ಹುಡುಗಿ ನಿಂತಿದ್ದಳು. ಹೆಸರು ಉಮಾಶ್ರೀ, ಆರನೇ ಕ್ಲಾಸು. ಗುಲ್ಬರ್ಗಾ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಕೋಡಿಹಳ್ಳಿಯಲ್ಲಿ ಬಾಡಿಗೆ ರೂಮು ಮಾಡಿದ್ದ ಭಗವಂತರಾಯನ ಮಗಳು. ತಾಯಿ ಲಕ್ಷ್ಮಿದೇವಿ ಇದೇ ಕ್ವಾರ್ಟರ್ಸಿನಲ್ಲಿ ನಾಲ್ಕು ಮನೆಯ ಪಾತ್ರೆ ತೊಳೆಯುತ್ತಿದ್ದಳು. ಶ್ರೀವಿದ್ಯಾಳ ಮನೆಯೂ ಅದರಲ್ಲೊಂದು. ಹುಡುಗಿಯ ಮುಂದೆ ಹಾಲಿನ ಪ್ಯಾಕೆಟ್ಟುಗಳ ಒಂದು ಮುದ್ದೆ ಬಿದ್ದಿತ್ತು. ತೊಳೆದಿದ್ದರೂ ಒಂದಿಷ್ಟು ಹುಳಿ ವಾಸನೆ.

"ಇದೇನಮ್ಮಾ?"

"ಕೊಪ್ಪಿರೀ. ಮಳಿ ಬಂದ್ರ ತಲಿಮ್ಯಾಗ ಹಾಕ್ಕೊಳ್ಳೋದು. ನಮ್ಮವ್ವಗ ಮಾಡೀನಿ." ಹುಡುಗಿ ಅದನ್ನೆತ್ತಿ ತಲೆಗೆ ಹಾಕಿಕೊಂಡು ತೋರಿಸಿದಳು. ತಲೆಯಿಂದ ಸೊಂಟದವರೆಗೆ ಇಳಿಬಿದ್ದ ಮಳೆಕೊಪ್ಪೆ. ನಲವತ್ತು ಪ್ಯಾಕೆಟ್ಟನ್ನು ಕತ್ತರಿಸಿ ಬಿಡಿಸಿ, ಗೋಣಿಚೀಲದ ದಾರದಲ್ಲಿ ದಬ್ಬಣ ಹಾಕಿ ಹೊಲಿದಿದ್ದಳು. ಹೊಲಿಗೆ ಕುಡಿದವರ ನಡಿಗೆಯ ಹಾಗೆ ಅತ್ತಿತ್ತ ಹೋಗಿತ್ತು.

"ಹೊಲಿಗೆ ತೂತಲ್ಲಿ ನೀರು ಬರಲ್ವಾ?"

ಉಮಾಶ್ರೀ ಯೋಚಿಸಿದಳು. "ಸೋರ್ತದರೀ" ಎಂದಳು. "ಆದ್ರ ಭಾಳ ಸೋರಲ್ಲ."

ಇಡೀ ಹಾಲಿನಲ್ಲಿ ಆ ದಿನ ಅವರ ಕಿವಿಗೆ ಬಿದ್ದ ಮೊದಲ ನಿಜವಾದ ಮಾತು ಅದು. ಸೀತಮ್ಮನವರು ಆ ಹೊಲಿಗೆಯ ಮೇಲೆ ಬೆರಳಾಡಿಸಿದರು. ಇಷ್ಟು ಕೆಟ್ಟ ಕೆಲಸವನ್ನು ಅವರು ಜೀವಮಾನದಲ್ಲಿ ನೋಡಿರಲಿಲ್ಲ. ಇಷ್ಟು ಉಪಯೋಗದ ವಸ್ತುವನ್ನು ಜೀವಮಾನದಲ್ಲಿ ಮಾಡಿಯೂ ಇರಲಿಲ್ಲ.

ಮೈಕಿನ ಮುಂದೆ ನಿಂತು ಮೊದಲ ಬಹುಮಾನ ಉಮಾಶ್ರೀಗೆ ಎಂದರು. ಎರಡನೆಯದೂ ಮೂರನೆಯದೂ ತಮ್ಮ ಹನ್ನೊಂದರ ಹೊರಗೇ ಹೋಗಲೆಂದು ಹುಡುಕಿ ಕೊಟ್ಟರು. ಮೂರನೆಯದು ಬಂದ ರಟ್ಟಿನ ಗಡಿಯಾರದಲ್ಲಿ ಏಳು ಎರಡು ಸಲ ಇತ್ತು, ಎಂಟು ಇರಲೇ ಇಲ್ಲ. ಚಪ್ಪಾಳೆ ಮಕ್ಕಳಿಂದ ಮಾತ್ರ ಬಂತು. ಶಾಲು ಹೊದಿಸಿದರು, ಆ ಸೆಖೆಯಲ್ಲಿ ಅದೊಂದು ಶಿಕ್ಷೆಯೇ ಆಗಿತ್ತು.

ಗೇಟಿನ ಬಳಿ ಹನ್ನೊಂದು ತಾಯಂದಿರು ಕಾಯುತ್ತಿದ್ದರು. ಶ್ರೀವಿದ್ಯಾ ಮುಂದೆ ಬಂದಳು.

"ಅದನ್ನೂ ನೀವೇ ಮಾಡಿದ್ದಲ್ವಾ ಆಂಟಿ?"

"ಯಾವುದನ್ನ?"

"ಆ ಪ್ಯಾಕೆಟ್ಟಿಂದು. ಬೇಕೂಂತ್ಲೇ ಸೊಟ್ಟಸೊಟ್ಟ ಹೊಲಿದು, ಮಗು ಮಾಡಿದ ಹಾಗೆ ಕಾಣ್ಲಿ ಅಂತ. ನಮ್ಗೆ ಮಾತ್ರ ನೀಟಾಗಿ ಮಾಡ್ಕೊಟ್ಟು ಸಿಕ್ಕಿಹಾಕ್ಸಿದ್ರಿ."

ಮೋಸಗಾರ್ತಿ ಎಂದಿದ್ದರೂ ಸೀತಮ್ಮನವರು ತಡೆದುಕೊಳ್ಳುತ್ತಿದ್ದರೇನೋ. ಆದರೆ ಆ ಹೊಲಿಗೆ ಅವರದೆಂದರೆ? "ನನ್ನ ಹೊಲಿಗೆ ಹಾಗಿರುತ್ತೇನೇ!" ಎಂದು ಕೂಗಿಬಿಟ್ಟರು. ಕೂಗಿದ ಮೇಲೆ, ಹಾಗಲ್ಲವೆಂದು ಸಾಧಿಸಬೇಕಾದರೆ ಬೆಂಚಿನ ಮೇಲಿರುವ ತಮ್ಮ ಹನ್ನೊಂದನ್ನೇ ತೋರಿಸಬೇಕಾಗುತ್ತದೆ ಎಂದು ಹೊಳೆದು ಬಾಯಿ ಮುಚ್ಚಿಕೊಂಡರು. ಹಿಂದೆಯೇ ಜಹನಾರಾ ಮೇಡಂ ನಿಂತಿದ್ದರು.

ಆಟೋ ಹತ್ತಿಸುವಾಗ ಮೇಡಂ ತಗ್ಗಿದ ದನಿಯಲ್ಲಿ ಹೇಳಿದರು: "ಮೂರು ವರ್ಷದಿಂದ ನಮ್ಮ ಸ್ಕೂಲಲ್ಲಿ ಬಹುಮಾನ ತಗೊಳ್ಳೋ ಹಕ್ಕಿಗಳಿಗೆಲ್ಲಾ ಸಾಸಿವೆ ಕಣ್ಣು, ಸೀತಮ್ಮನವರೇ. ಪತ್ರಿಕೆ ಫೋಟೋದಲ್ಲಿ ನಿಮ್ಮ ನವಿಲಿನ ಕಣ್ಣು ನೋಡಿದ ಮೇಲೆ, ಜಡ್ಜ್ ನೀವೇ ಆಗ್ಬೇಕು ಅನ್ನಿಸ್ತು." ಆಮೇಲೆ ನಕ್ಕು ಸೇರಿಸಿದರು: "ತೀರ್ಪು ಚೆನ್ನಾಗಿತ್ತು. ಥ್ಯಾಂಕ್ಸ್."

ಆ ರಾತ್ರಿ ಸೀತಮ್ಮನವರು ಊಟ ಮಾಡಲಿಲ್ಲ. ಶಾಲನ್ನು ಮಡಿಸಿ ಬೀರುವಿಗಿಟ್ಟರು.

ಹದಿನೈದು ದಿನದ ಮೇಲೆ ಉಮಾಶ್ರೀ ಬಾಗಿಲಲ್ಲಿ ನಿಂತಿದ್ದಳು, ಮೈಯೆಲ್ಲ ಒದ್ದೆ. ಬಹುಮಾನದ ಕೊಪ್ಪೆಯನ್ನು ಶಾಲೆಯವರು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರಂತೆ. ಇನ್‌ಸ್ಪೆಕ್ಟರು ಬರುವವರಿದ್ದರು, ತೋರಿಸಬೇಕು.

"ದಿನಾ ಮಳಿ ಬರಾಕತ್ತದರೀ. ಅವ್ವ ತೊಯ್ಸಿಕೊಂಡೇ ಬರ್ತಾಳ. ನೀವು ಹೇಳಿದ್ರ ಕೊಡ್ತಾರೇನ್ರೀ?"

ಇಡೀ ಸ್ಪರ್ಧೆಯಲ್ಲಿ ಉಪಯೋಗಕ್ಕೆ ಬರುವಂಥದ್ದು ಒಂದೇ ಇತ್ತು, ಅದನ್ನೂ ತಮ್ಮ ತೀರ್ಪು ಶೋಕೇಸಿಗೆ ಸೇರಿಸಿತಲ್ಲಾ ಎಂದು ಸೀತಮ್ಮನವರಿಗೆ ಅನ್ನಿಸಿತು. "ಅದು ಹಾಳಾಗ್ಲಿ, ಬಾ" ಎಂದು ಟವೆಲ್ ಕೊಟ್ಟು ಒಳಗೆ ಕೂರಿಸಿಕೊಂಡರು. ಪ್ಯಾಕೆಟ್ಟು ಜೋಡಿಸಿದರು. ದಾರ ಬೇಡವೆಂದು, ಎರಡು ಅಂಚು ಸೇರಿಸಿ, ಹಳೆಯ ಬ್ಲೇಡಿಗೆ ತಾಗಿಸಿ ಮೇಣದ ಬತ್ತಿಯ ಉರಿಯಲ್ಲಿ ಕರಗಿಸಿ ಅಂಟಿಸುವುದನ್ನು ತೋರಿಸಿದರು. ಕೊನೆಗೆ ಅಭ್ಯಾಸಬಲದಿಂದ ಜರಿ ಅಂಚು ಕೈಗೆತ್ತಿಕೊಂಡರು.

"ಅದು ಬ್ಯಾಡ್ರೀ" ಎಂದಳು ಉಮಾಶ್ರೀ. "ಜರಿ ಹಚ್ಚಿದ್ರ ಅವ್ವ ಎತ್ತಿಡ್ತಾಳ, ಹಾಕ್ಕೊಳ್ಳಲ್ಲ."

ಸೀತಮ್ಮನವರು ಜರಿಯನ್ನು ಕೆಳಗಿಟ್ಟರು. ಆ ಕೊಪ್ಪೆ ಸೋರಲಿಲ್ಲ. ಅಕ್ಟೋಬರ್ ಮುಗಿಯುವುದರೊಳಗೆ ಕೋಡಿಹಳ್ಳಿಯ ಅದೇ ವಠಾರದ ಇನ್ನೂ ಐದು ಹೆಂಗಸರು ಅಂಥದ್ದನ್ನೇ ಹೊದ್ದು ಕೆಲಸಕ್ಕೆ ಬಂದರು. ಪ್ಯಾಕೆಟ್ಟೆಲ್ಲಾ ತನ್ನ ಮನೆಯದೆಂದು ಮೊದಲು ದೂರುತ್ತಿದ್ದ ಶ್ರೀವಿದ್ಯಾ, ಆಮೇಲಾಮೇಲೆ ಅದನ್ನೇ ಹೆಮ್ಮೆಯಿಂದ ಹೇಳತೊಡಗಿದಳು.

ಮರುವರ್ಷ ಆಗಸ್ಟಿನಲ್ಲಿ ಅವಳು ಮತ್ತೆ ಬಂದಳು. ಹಿಂದಿನದೆಲ್ಲ ಮರೆತಂತಿತ್ತು. ಈ ಸಲ ಜಡ್ಜ್ ಬೇರೆ ಯಾರೋ ಡ್ರಾಯಿಂಗ್ ಮೇಷ್ಟ್ರಂತೆ.

"ಒಂದು ಪೆನ್ ಸ್ಟ್ಯಾಂಡ್ ಸಾಕು ಆಂಟಿ. ಆದ್ರೆ ಸ್ವಲ್ಪ ಕೆಟ್ಟದಾಗಿ ಮಾಡ್ಬೇಕು. ಗೋಂದು ಹೊರಗೆ ಚೆಲ್ಲಿರ್ಬೇಕು. ಈಗ ಅದಕ್ಕೇ ಬಹುಮಾನ."

ಸೀತಮ್ಮನವರು ನಿಜವಾಗಿಯೂ ಪ್ರಯತ್ನಿಸಿದರು. ಎಡಗೈಯಲ್ಲಿ ಕತ್ತರಿಸಿ ನೋಡಿದರು. ಕನ್ನಡಕ ತೆಗೆದಿಟ್ಟು ಅಂಟಿಸಿ ನೋಡಿದರು. ಎರಡು ದಿನ ಕೂತರೂ ಕೈ ಕೇಳಲಿಲ್ಲ. ಬಂದದ್ದು ನೇರವಾದ, ನಯವಾದ, ಯಾರ ಮಗುವೂ ಮಾಡಲಾರದಂಥ ಪೆನ್ ಸ್ಟ್ಯಾಂಡು. "ನಂಗಾಗಲ್ಲ ಕಣಮ್ಮಾ, ನೀವೇ ಏನಾದ್ರೂ ಮಾಡ್ಕೊಳ್ಳಿ" ಎಂದು ವಾಪಸು ಕಳಿಸಿದರು.

ಶ್ರೀವಿದ್ಯಾ ಸಿಟ್ಟಿನಲ್ಲೇ ಮನೆಗೆ ಹೋಗಿ ತಾನೇ ಕೂತಳು. ಬೆರಳು ಕೊಯ್ದುಕೊಂಡಳು, ಗೋಂದು ಕೂದಲಿಗೆ ಮೆತ್ತಿಕೊಂಡಳು, ಮಗನ ಜೊತೆ ಜಗಳವಾಡಿ ಅರ್ಧ ಕೆಲಸ ಅವನಿಂದಲೇ ಮಾಡಿಸಿದಳು. ಅಭಿನವ್‌ಗೆ ಎರಡನೇ ಬಹುಮಾನ ಬಂತು. ಸಂಜೆ ಪೇಡ ಹಿಡಿದುಕೊಂಡು ಬಂದವಳ ಮುಖದಲ್ಲಿ ನಾಲ್ಕು ವರ್ಷದಲ್ಲಿ ಕಾಣದಿದ್ದ ಸಂತೋಷವಿತ್ತು.

"ಆಂಟಿ, ಜಡ್ಜು ಏನಂದ್ರು ಗೊತ್ತಾ? ಇದು ಮಗು ಒಂದೇ ಮಾಡಿರೋದು, ದೊಡ್ಡೋರು ಕೈ ಹಾಕಿಲ್ಲ ಅಂತ ನೋಡಿದ್ರೇ ಗೊತ್ತಾಗುತ್ತೆ ಅಂದ್ರು!"

ಸೀತಮ್ಮನವರು ಆ ಪೆನ್ ಸ್ಟ್ಯಾಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅದು ಒಂದು ಕಡೆ ವಾಲಿತ್ತು, ಪೆನ್ನು ಇಟ್ಟರೆ ಪೂರ್ತಿ ಮಲಗುತ್ತಿತ್ತು.

"ಚೆನ್ನಾಗಿದೆ ಕಣೇ" ಎಂದರು, ಪೇಡ ಬಾಯಿಗಿಟ್ಟುಕೊಳ್ಳುತ್ತಾ. ಹಾಗೆ ಹೇಳುವಾಗ ಅವರಿಗೆ ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.