ಪಾರಿವಾಳದ ಧೂಳು

ಮೈಸೂರಿನ ಡಾಕ್ಟರು ನನ್ನ ಗಂಡನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದವರೇ, ಮನೆಯಲ್ಲಿ ಏನು ಸಾಕಿದ್ದೀರಿ ಎಂದು ಕೇಳಿದರು. ಈ ಮಹಾರಾಯರು ಗೋಡೆಯ ಮೇಲಿನ ಗಡಿಯಾರವನ್ನು ಹೊಸದಾಗಿ ಕಂಡವರಂತೆ ನೋಡುತ್ತ ಕೂತರು. ನಾನೇ ಬಾಯಿಬಿಟ್ಟೆ. ಪಾರಿವಾಳ ಎಂದೆ. ಒಂದಲ್ಲ ಎರಡಲ್ಲ, ತಾರಸಿ ತುಂಬ ಎಂದೆ.

ಅವರು ಸಮಾಧಾನವಾಗಿಯೇ ಹೇಳಿದರು. ರೆಕ್ಕೆಯಿಂದ ಉದುರುವ ಬಿಳಿ ಪುಡಿ, ಒಣಗಿದ ಹಿಕ್ಕೆಯ ಧೂಳು ವರ್ಷಗಟ್ಟಲೆ ಒಳಗೆ ಹೋಗಿ ಕೆಲವರ ಶ್ವಾಸಕೋಶವನ್ನು ಗಟ್ಟಿ ಮಾಡಿಬಿಡುತ್ತದಂತೆ. ಈಗ ಬಿಟ್ಟರೆ ಇಷ್ಟಕ್ಕೇ ನಿಲ್ಲಬಹುದು. ಬಿಡದಿದ್ದರೆ ಮುಂದೆ ಸಿಲಿಂಡರು ಪಕ್ಕದಲ್ಲಿಟ್ಟುಕೊಂಡು ಉಸಿರಾಡಬೇಕಾಗುತ್ತದೆ. ಮಾತ್ರೆ ತೆಗೆದುಕೊಂಡು ಹಕ್ಕಿ, ಉಸಿರು ಎರಡನ್ನೂ ಇಟ್ಟುಕೊಳ್ಳಲು ಆಗುವುದಿಲ್ಲವೇ ಎಂದು ಇವರು ಕೇಳಿದರು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಡಾಕ್ಟರು ನನ್ನ ಕಡೆ ನೋಡಿದರು.

ಶ್ರೀರಂಗಪಟ್ಟಣದ ಗಂಜಾಮಿಗೆ ವಾಪಸಾಗುವ ಬಸ್ಸಿನಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಬಸ್ಸಿನವರೆಲ್ಲ ಕೇಳಬೇಕಾಗುತ್ತಿತ್ತು. ಹೆದರಿಕೆಯಾದಾಗ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಅವತ್ತು ಬಂದ ಸಿಟ್ಟು ಬಹಳ ದೊಡ್ಡದು.

ನಮ್ಮವು ದೇವಸ್ಥಾನದ ಗೋಪುರದಲ್ಲಿ ಕೂರುವ ಪಾರಿವಾಳಗಳಲ್ಲ, ರೇಸಿನ ಹಕ್ಕಿಗಳು. ಬುಟ್ಟಿಯಲ್ಲಿಟ್ಟು ಹೊಸಪೇಟೆಯಾಚೆ ಎಲ್ಲೋ ಒಯ್ದು ಬೆಳಗಾಗುತ್ತಲೇ ಬಿಟ್ಟರೆ, ಮಧ್ಯಾಹ್ನದ ಊಟದ ಹೊತ್ತಿಗೆ ತಮ್ಮ ಮನೆಯ ತಾರಸಿ ಹುಡುಕಿಕೊಂಡು ಬರುತ್ತವೆ. ದೂರವನ್ನು ಹೊತ್ತಿನಿಂದ ಭಾಗಿಸಿ ಯಾರದು ಜೋರು ಎಂದು ತೀರ್ಮಾನ. ನಾನು ಮದುವೆಯಾಗಿ ಬಂದಾಗ ಶ್ರೀರಂಗಪಟ್ಟಣ ಒಂದರಲ್ಲೇ ಬೀದಿಗೊಂದು ಗೂಡಿತ್ತು. ಆಮೇಲೆ ಒಬ್ಬರ ಪಕ್ಕದ ಮನೆಯವರು ಹಿಕ್ಕೆ ಬೀಳುತ್ತದೆಂದು ಜಗಳ ತೆಗೆದರು, ಇನ್ನೊಬ್ಬರ ತಾರಸಿಯ ಮೇಲೆ ಬಾಡಿಗೆಗೆ ಮನೆ ಎದ್ದಿತು, ಮತ್ತೊಬ್ಬರ ಮಕ್ಕಳು ಅಪ್ಪ ಸತ್ತ ತಿಂಗಳಿಗೆ ಗೂಡು ಕಿತ್ತು ಕೋಳಿಯವನಿಗೆ ಕೊಟ್ಟರು. ಈಗ ಉಳಿದಿರುವುದು ಊರಿಗೊಂದು. ಇಲ್ಲಿ ನಮ್ಮದು, ಪಾಂಡವಪುರದಲ್ಲಿ ಒಂದು, ನಾಗಮಂಗಲದಲ್ಲಿ ಒಂದು, ಕೆ.ಆರ್.ಪೇಟೆಯಲ್ಲಿ ಒಂದು. ನಾಲ್ಕು ಗೂಡಿಗಿಂತ ಕಡಿಮೆಯಾದರೆ ರೇಸು ನಡೆಸುವುದಿಲ್ಲ ಎಂದು ಅವರವರೇ ಮಾಡಿಕೊಂಡ ಕಟ್ಟಳೆ. ಮೂವರು ಕೂತರೆ ಅದು ರೇಸಲ್ಲ, ಹರಟೆ ಅನ್ನುತ್ತಾರೆ.

ಹಾಗಾಗಿ ಡಾಕ್ಟರ ಮಾತು ಇವರ ಫೋನಿನಿಂದ ಆ ಮೂರು ಊರಿಗೂ ಹೋದದ್ದೇ ತಡ, ಮಾರನೆಯ ದಿನ ಕೆ.ಆರ್.ಪೇಟೆಯವರು ನಮ್ಮ ಬಾಗಿಲಲ್ಲಿದ್ದರು. ಅಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ರಿಪೇರಿ ಮಾಡುವ ಮನುಷ್ಯ, ಇವರಿಗಿಂತ ಒಂದೆರಡು ವರ್ಷ ಚಿಕ್ಕವರು, ನನ್ನನ್ನು ಅಕ್ಕ ಅನ್ನುತ್ತಾರೆ. ಆ ಭಾನುವಾರವೇ ರೇಸು ನಿಗದಿಯಾಗಿತ್ತು. ಕಾಫಿ ಲೋಟ ಕೆಳಗಿಟ್ಟು ನೇರವಾಗಿ ನನಗೇ ಹೇಳಿದರು.

"ಇವ್ರು ಬುಟ್ರೆ ನಾಕು ತಾಲ್ಲೂಕಲ್ಲೂ ಆಟ ಮುಗ್ದೋಯ್ತದೆ ಅಕ್ಕ. ಇದೊಂದು ಆಗ್ಬುಡ್ಲಿ."

"ಆಟ ಮುಗುದ್ರೆ ಮುಗೀಲಿ. ಇವ್ರೇ ಮುಗ್ದೋದ್ರೆ ನಿಮ್ ಪಾರಿವಾಳ ತಂದ್ಕೊಡ್ತವಾ?"

ಇವರು ಒಳಕೋಣೆಯಿಂದ ಕೆಮ್ಮಿದರು. ಕೊನೆಗೆ ನಾನೇ ಸೋತೆ. ಸೋತದ್ದು ಆ ಮನುಷ್ಯನ ಮಾತಿಗಲ್ಲ, ಹಕ್ಕಿ ಬುಟ್ಟಿಗೆ ಹೋಗುವುದಿಲ್ಲ ಎಂದು ನಾನು ಅಂದ ಕ್ಷಣದಿಂದ ಇವರು ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿಯದೆ ಕೂತಿದ್ದರಲ್ಲ, ಅದಕ್ಕೆ. ಆದರೆ ನನ್ನ ಷರತ್ತು ಹಾಕಿದೆ. ಇದೇ ಕೊನೆ. ಸೋಮವಾರ ಹಕ್ಕಿಗಳೆಲ್ಲ ಬೇರೆಯವರ ಗೂಡಿಗೆ. ಅಲ್ಲಿಯವರೆಗೆ ಇವರು ತಾರಸಿಗೆ ಕಾಲಿಡಕೂಡದು, ಮೇಲಿನ ಕೆಲಸವೆಲ್ಲ ನನ್ನದು. ಇವರು ಹೂಂ ಅಂದರು. ನಂಬಲಿಲ್ಲ, ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡೆ.

ಬಾಯಿಗೆ ಮಾಸ್ಕು ಕಟ್ಟಿಕೊಂಡು ಕಾಳು ಹಾಕಿದೆ, ನೀರಿಟ್ಟೆ. ಗೂಡಿನೊಳಗೆ ಇರುವ ಹಕ್ಕಿಗೆ ಕಾಳು ಹಾಕುವುದು ಯಾರಿಗೂ ಬರುತ್ತದೆ. ಕಷ್ಟವಿರುವುದು ಬಯಲಿನಿಂದ ಬಂದ ಹಕ್ಕಿಯನ್ನು ಒಳಗೆ ಕರೆಯುವುದರಲ್ಲಿ. ತಾರಸಿಗೆ ಬಂದು ಇಳಿದರೆ ಲೆಕ್ಕಕ್ಕಿಲ್ಲ. ಗೂಡಿನ ಬಾಯಲ್ಲಿ ತೂಗುಬಿಟ್ಟ ಸರಳುಗಳಿವೆ, ಒಳಕ್ಕೆ ತಳ್ಳಿದರೆ ತೆರೆಯುತ್ತವೆ, ಹೊರಕ್ಕೆ ತೆರೆಯುವುದಿಲ್ಲ. ಹಕ್ಕಿ ಅದನ್ನು ತಳ್ಳಿಕೊಂಡು ಒಳಗೆ ಹೋಗಬೇಕು, ಕಾಲಿನ ಉಂಗುರದ ಫೋಟೋ ತೆಗೆದು ಫೋನಿನ ಗುಂಪಿಗೆ ಹಾಕಬೇಕು, ಆಗಲೇ ಬಂದಂತೆ. ಕೈಯಲ್ಲಿ ಹಿಡಿದು ನೂಕುವ ಹಾಗಿಲ್ಲ. ಮುನ್ನೂರು ಕಿಲೋಮೀಟರು ದೂರದಿಂದ ಬಂದರೂ, ಮನೆಯ ಮುಂದೆ ಕೂತು ಸೋತ ಹಕ್ಕಿಗಳನ್ನು ನಾನೇ ಕಂಡಿದ್ದೇನೆ.

ಅದಕ್ಕೆ ಇವರು ನನಗೆ ಪಾಠ ಹೇಳಿದರು. ಈ ಸಲ ಹೋಗುತ್ತಿದ್ದದ್ದು ನೀಲಿ ಹೆಣ್ಣು, ಕಳೆದ ವರ್ಷ ನಮ್ಮ ಗೂಡಲ್ಲೇ ಮರಿಯಾದದ್ದು. ಅದು ಸಿಳ್ಳೆಗೆ ಬರುತ್ತದೆ ಅಂದರು. ಕಾಳಿನ ಡಬ್ಬಿ ಕುಲುಕು, ಉದ್ದಕ್ಕೆ ಎರಡು ಸಿಳ್ಳೆ ಹಾಕು, ತಾಯಿ ಕರೆದ ಹಾಗೆ ಓಡಿ ಬರುತ್ತದೆ. ನಾನು ಅಡುಗೆಮನೆಯಲ್ಲಿ ಒಗ್ಗರಣೆ ಸೀಯಿಸಿಕೊಂಡು ಸಿಳ್ಳೆ ಕಲಿತೆ. ಪಕ್ಕದ ಮನೆಯಾಕೆ ಕಿಟಕಿಯಿಂದ ಬಗ್ಗಿ, ಈ ವಯಸ್ಸಿನಲ್ಲಿ ಯಾರನ್ನು ಕರೆಯುತ್ತಿದ್ದೀಯೆ ಎಂದು ಕೇಳಿದಳು. ನಿನ್ನ ಗಂಡನನ್ನು ಅಂದೆ. ನಗು ಬಂದದ್ದು ಆ ವಾರದಲ್ಲಿ ಅದೊಂದೇ ಸಲ.

ಭಾನುವಾರ ಬೆಳಿಗ್ಗೆ ಹಕ್ಕಿ ಬಿಟ್ಟ ಸುದ್ದಿ ಬಂತು. ಅಡುಗೆ ಮುಗಿಸಿ ಇವರ ಹಳೇ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡು ಮೇಲೆ ಹೋದೆ. ಹಕ್ಕಿಗೆ ಆ ಅಂಗಿಯ ಗುರುತು ಇರುತ್ತದೆಂದು ಇವರೇ ಕೊಟ್ಟಿದ್ದರು. ಕರಿಘಟ್ಟ ಬೆಟ್ಟದ ಎಡಕ್ಕೆ ಬರಿಯ ಆಕಾಶ. ಇವರು ಕೆಳಗೆ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾಗಮಂಗಲದ್ದು ಬಂತು ಎಂದು ಫೋನು ಹೇಳಿತು. ಪಾಂಡವಪುರದವರು, ತಮ್ಮೂರ ಬೆಟ್ಟದ ಹತ್ತಿರ ಪಾರಿವಾಳ ಹಿಡಿಯುವ ಡೇಗೆ ಹಾರುತ್ತಿದೆ, ತಮ್ಮದು ಕಾಣುತ್ತಿಲ್ಲ ಎಂದು ಹಾಕಿದರು. ಬೇಡದ ಆಟ, ನಾಳೆ ಮುಗಿಯುವ ಆಟ, ಆದರೂ ಕಾಳಿನ ಡಬ್ಬಿಯನ್ನು ಕೈಯಿಂದ ಬಿಡಲಿಲ್ಲ. ಬರಬಾರದೇ ಮುಂಡೇದೇ, ಬಂದುಬಿಡು, ಈ ಮನುಷ್ಯನ ಆಸೆ ತೀರಿಹೋಗಲಿ ಎಂದು ಆಕಾಶವನ್ನೇ ಬೈದೆ.

ಬಂತು. ಎಲ್ಲಿಂದ ಬಂತೆಂದು ಕಾಣಲಿಲ್ಲ, ರೆಕ್ಕೆ ಮಡಿಸಿಕೊಂಡು ಕಲ್ಲು ಬಿದ್ದಂತೆ ಇಳಿದು ಪ್ಯಾರಪೆಟ್ಟಿನ ಮೇಲೆ ಕೂತಿತು. ಕೊಕ್ಕು ತೆರೆದಿತ್ತು. ಡಬ್ಬಿ ಕುಲುಕಿದೆ. ಸಿಳ್ಳೆ ಹಾಕಿದೆ. ಹಾಕಿದ್ದು ಚೆನ್ನಾಗಿಯೇ ಇತ್ತು, ಇವತ್ತಿಗೂ ಹೇಳುತ್ತೇನೆ. ಅದು ಕತ್ತು ಹೊರಳಿಸಿ ನೋಡಿತು, ಕೂತಲ್ಲೇ ಕೂತಿತು. ಮತ್ತೆ ಹಾಕಿದೆ. ಎರಡು ಹೆಜ್ಜೆ ಆಚೆಗೆ ಸರಿಯಿತು. ಮಾಸ್ಕಿಗೆ ಹೆದರಿತೋ ಎಂದು ಮಾಸ್ಕು ಕೆಳಗೆಳೆದು ಮತ್ತೆ ಸಿಳ್ಳೆ ಹಾಕಿದೆ. ಅದು ಹಾರಿ ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತಿತು.

ಕೆಳಗಿನಿಂದ ಇವರ ದನಿ ಬಂತು. ಬಂತಾ ಎಂದು ಕೇಳಿದರು. ಬಂದಿದೆ, ಒಳಗೆ ಹೋಗುತ್ತಿಲ್ಲ, ನೀವು ಮೇಲೆ ಬರಬೇಡಿ ಎಂದೆ. ಹೇಳುತ್ತಿರುವಾಗಲೇ ಚಪ್ಪಲಿಯ ಸದ್ದು ಮೆಟ್ಟಿಲು ಹತ್ತತೊಡಗಿತ್ತು. ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತೆ. ಗೋಡೆ ಹಿಡಿದುಕೊಂಡು ಬಂದು ಕೊನೆಯ ಮೆಟ್ಟಿಲ ಕೆಳಗೆ ನಿಂತರು, ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

"ಜರುಗು ಕಣೇ. ಸಿಳ್ಳೆ ಹಾಕ್ತೀನಿ, ಅಷ್ಟೆಯ."

"ಅಲ್ಲಿಂದ್ಲೇ ಹಾಕಿ. ಒಂದೆಜ್ಜೆ ಮೇಲಿಕ್ಕಿದ್ರೆ ಆ ಹಕ್ಕಿ ಕತ್ತು ಮುರ್ದಾಕ್ಬುಡ್ತೀನಿ."

ಹೇಳಿದಂತೆ ಮಾಡುತ್ತಿದ್ದೆ. ನನ್ನ ಕಣ್ಣು ನೋಡಿ ಇವರಿಗೂ ಗೊತ್ತಾಯಿತು. ಅಲ್ಲಿಯೇ ನಿಂತು ತುಟಿ ಚೂಪು ಮಾಡಿ ಊದಿದರು. ಗಾಳಿ ಬಂತು, ಸದ್ದು ಬರಲಿಲ್ಲ. ತುಟಿ ಒದ್ದೆ ಮಾಡಿಕೊಂಡು ಮತ್ತೆ ಊದಿದರು. ಅಷ್ಟೂ ಬರಲಿಲ್ಲ. ಮೂರನೆಯ ಸಲಕ್ಕೆ ಕೆಮ್ಮು ಹಿಡಿದುಕೊಂಡಿತು. ಬಗ್ಗಿ, ಮಂಡಿ ಹಿಡಿದು, ಕರುಳು ಕಿತ್ತು ಬರುವ ಹಾಗೆ ಕೆಮ್ಮಿದರು. ಹಕ್ಕಿ ಮನೆಹಾಳಾಗಲಿ ಎಂದು ಇಳಿದು ಬೆನ್ನು ಸವರುತ್ತ ನಿಂತೆ.

ನನ್ನ ಹಿಂದೆ ಸರಳುಗಳು ಟಣಟಣ ಅಂದವು.

ತಿರುಗಿ ನೋಡಿದರೆ ನೀಲಿ ಹೆಣ್ಣು ಗೂಡಿನೊಳಗಿತ್ತು. ಕಾಳಿನ ತಟ್ಟೆಯ ಮುಂದೆ ನಿಂತು ಮೆಟ್ಟಿಲ ಬಾಗಿಲ ಕಡೆಗೇ ನೋಡುತ್ತಿತ್ತು. ಅದೊಂದೇ ಅಲ್ಲ. ಗೂಡಿನಲ್ಲಿದ್ದ ಹಕ್ಕಿಗಳೆಲ್ಲ ಅಟ್ಟಣೆಗಳಿಂದ ಇಳಿದು ಒಂದರ ಮೈಮೇಲೊಂದು ಬಿದ್ದು ತಟ್ಟೆಗೆ ಮುತ್ತಿದ್ದವು. ನನ್ನ ಸಿಳ್ಳೆಗೆ ಒಂದೂ ಮಿಸುಕಿರಲಿಲ್ಲ. ಇವರು ಮತ್ತೆ ಕೆಮ್ಮಿದರು. ಎಲ್ಲವೂ ಕತ್ತೆತ್ತಿದವು.

ಇವರೂ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನಾನು ಸಿಳ್ಳೆ ಹಾಕ್ತಿದ್ದೆ ಕಣೇ. ದಿನಾ ಹಾಕ್ತಿದ್ದೆ."

ಹಾಕುತ್ತಿದ್ದರೇನೋ. ಆ ಮರಿ ಮೊಟ್ಟೆಯಿಂದ ಹೊರಬಿದ್ದ ದಿನದಿಂದ ಕೇಳಿಸಿಕೊಂಡದ್ದು ಮಾತ್ರ ಈ ಕೆಮ್ಮನ್ನೇ. ಇವರು ಉಸಿರಿಲ್ಲದೆ ಕೆಮ್ಮಿದಾಗಲೆಲ್ಲ ಅದಕ್ಕೆ ಕಾಳು ಸಿಕ್ಕಿತ್ತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಇವರ ಪಕ್ಕದಲ್ಲಿ ಕೂತು ಗೊಳೋ ಎಂದು ಅತ್ತೆ. ನಾಳೆಗೆ ಯಾಕೆ, ಇವತ್ತೇ ಕಳಿಸಿಬಿಡೋಣ ಎಂದು ಇವರೇ ಹೇಳಿದರು.

ಕಣ್ಣೊರೆಸಿಕೊಂಡು ಉಂಗುರದ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಇವರು ಬಯಸಿದ್ದನ್ನು ಅರ್ಧಕ್ಕೆ ಬಿಡಲು ನನಗೆ ಮನಸ್ಸಾಗಲಿಲ್ಲ. ತಕ್ಷಣ ಕೆ.ಆರ್.ಪೇಟೆಯವರ ಫೋನು ಬಂತು. ಅವರ ಹಕ್ಕಿಯೂ ಆಗತಾನೇ ಒಳಗೆ ಹೋಗಿತ್ತು, ಖುಷಿಯಲ್ಲಿದ್ದರು, ಅಕ್ಕನ ಸಿಳ್ಳೆ ಕೆಲಸ ಮಾಡಿತಲ್ಲ ಎಂದು ರೇಗಿಸಿದರು. ಮುಂದಿನ ರೇಸಿನ ಮಾತು ತೆಗೆಯುವ ಮೊದಲೇ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಸಿಳ್ಳೆಗಲ್ಲ, ಇವರ ಕೆಮ್ಮಿಗೆ ಬಂತು ಎಂದೆ. ಗೂಡಿನ ಹಕ್ಕಿಗಳೆಲ್ಲ ಅದಕ್ಕೇ ಬರುತ್ತವೆ ಎಂದೆ.

ಫೋನು ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಅಂದೆ. ಅವರ ಗೂಡಿನ ಪಾರಿವಾಳಗಳು ಗುಟುರು ಹಾಕುವುದು ಕೇಳಿಸುತ್ತಿತ್ತು, ಲೈನಿನಲ್ಲೇ ಇದ್ದರು.

"ನಮ್ಮವೂ ಅಂಗೇ ಬತ್ತವೆ ಅಕ್ಕ," ಅಂದರು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಆ ಡಾಕ್ಟ್ರು ಯಾವತ್ತು ಸಿಕ್ತಾರೆ?"